ಹಸಿ ಬೆಸುಗೆ

ನನ್ನ ಬಟ್ಟೆ ಕತ್ತರಿಯನ್ನು ಮನೆಯಲ್ಲಿ ಯಾರೂ ಮುಟ್ಟುವ ಹಾಗಿಲ್ಲ. ಕಾಗದ ಕತ್ತರಿಸಲೂ ಕೊಡುವುದಿಲ್ಲ. ದರ್ಜಿ ಕೆಲಸ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಉಳಿದವರು ನನ್ನ ಮಾತು ನಂಬಿದರೆ ಸಾಕು. ಆ ಭಾನುವಾರ ಬೆಳಿಗ್ಗೆ ನಮ್ಮ ಯಜಮಾನರು ಅದೇ ಕತ್ತರಿಯನ್ನು ಹೊಲಿಗೆ ಮಿಷನ್ನಿನ ಮೇಲಿಂದ ಎತ್ತಿಕೊಂಡು ಹೋಗಿ, ಹಿಂದಿನ ಗೋಡೆಗೆ ಹಬ್ಬಿದ್ದ ಬಳ್ಳಿಯನ್ನು ಸವರಿದರು. ಬಳ್ಳಿಯ ನಡುವೆ ಒಂದು ಕಪ್ಪು ಕೇಬಲ್ ಇಳಿದಿತ್ತು. ಅದನ್ನೂ ಸವರಿದರು.

ಅವರಿಗೆ ಬೇಕರಿಯಲ್ಲಿ ಕೆಲಸ. ಬೆಳಗಿನ ಜಾವದ ಒಲೆ ಮುಗಿಸಿ ಬಂದವರು ಮಲಗಬೇಕು. ಮಲಗುವುದಿಲ್ಲ. ಏನಾದರೂ ಒಂದನ್ನು ಕೆದಕುತ್ತಲೇ ಇರಬೇಕು. ನಾನು ಕೋಟೊಂದಕ್ಕೆ ಕಾಲರು ಹಚ್ಚುತ್ತಿದ್ದೆ. ಅವರು ಕಿಟಕಿಯ ಹೊರಗೆ ಬಂದು ನಿಂತರು. ಒಂದು ಕೈಯಲ್ಲಿ ಕತ್ತರಿ, ಇನ್ನೊಂದು ಕೈಯಲ್ಲಿ ಕೇಬಲ್ಲಿನ ತುಂಡಾದ ತುದಿ.

"ಇದು ನಿಂದಾ?" ಎಂದರು.

ನಾನು ಮೊದಲು ನೋಡಿದ್ದು ಕತ್ತರಿಯನ್ನು. "ರೀ, ಅದು ನನ್ನ ಬಟ್ಟೆ ಕತ್ತರಿ."

"ಅದು ಗೊತ್ತು ಕಣೇ. ನಾನು ಕೇಳ್ತಿರೋದು ಇನ್ನೊಂದನ್ನ."

ಆಮೇಲೆ ನಾನು ಆಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಪಕ್ಕದ ಮನೆಯವರು ತಮ್ಮ ಕಿಟಕಿ ಮುಚ್ಚಿಕೊಂಡರು, ಅಷ್ಟು ಹೇಳಿದರೆ ಸಾಕು.

ಅದು ಟೀವಿಯ ಕೇಬಲ್ ಅಲ್ಲ. ಛಾವಣಿಯ ಮೇಲೆ ಎರಡು ಕಂಬಗಳ ನಡುವೆ ತಂತಿ ಎಳೆದು ಮಾಡಿದ ಆಂಟೆನಾ ಇದೆ. ಅಲ್ಲಿಂದ ನನ್ನ ಹೊಲಿಗೆ ಕೋಣೆಯ ರೇಡಿಯೋ ಸೆಟ್ಟಿಗೆ ಇಳಿಯುವ ಕೇಬಲ್ ಅದು. ನಾನು ಹ್ಯಾಮ್ ರೇಡಿಯೋದವಳು, ಅಂದರೆ ಹವ್ಯಾಸಕ್ಕೆ ಮನೆಯಲ್ಲೇ ಸೆಟ್ಟಿಟ್ಟುಕೊಂಡು ದೂರದವರ ಜೊತೆ ಮಾತಾಡುವವಳು. ಕಲಿತದ್ದು ಹಳ್ಳಿ ಶಾಲೆಯಲ್ಲಿ ಆದರೂ ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಂಡಿದ್ದೇನೆ. ಮಿಷನ್ನಿನ ಎಡಗಡೆ ದಾರದ ಡಬ್ಬಿ, ಬಲಗಡೆ ಸೆಟ್ಟು. ಜೇಬು ಹೊಲಿಯುತ್ತ ಹೊಲಿಯುತ್ತಲೇ ನಾನು ಎಲ್ಲೆಲ್ಲಿಯವರ ಮಾತನ್ನೋ ಕೇಳಿಸಿಕೊಂಡಿದ್ದೇನೆ.

ಬೇರೆ ಯಾವ ದಿನವಾಗಿದ್ದರೂ ಬೈದು ಸುಮ್ಮನಾಗುತ್ತಿದ್ದೆ. ಸೋಮವಾರ ಅಂಗಡಿ ತೆಗೆದ ಮೇಲೆ ಹೊಸ ಕೇಬಲ್ ತಂದರಾಯಿತು. ಆದರೆ ಅದು ಗುಬ್ಬಿಯ ಕೊನೆಯ ಭಾನುವಾರ.

ಗುಬ್ಬಿ ನನ್ನ ತಮ್ಮ. ಹುಟ್ಟಿದಾಗ ಅಂಗೈಯಷ್ಟು ಇದ್ದ, ನಾನು ಇಟ್ಟ ಹೆಸರು ಅದು. ಈಗ ಬಾಗಿಲಲ್ಲಿ ತಲೆ ಬಗ್ಗಿಸಿಕೊಂಡು ಬರುವಷ್ಟು ಎತ್ತರ ಇದ್ದಾನೆ, ಹೆಸರು ಮಾತ್ರ ಹೋಗಿಲ್ಲ. ರೇಡಿಯೋದಲ್ಲಿಯೂ ಎಲ್ಲರೂ ಹಾಗೆಯೇ ಕರೆಯುತ್ತಾರೆ. ಎರಡು ಊರಾಚೆ ಇದ್ದಾನೆ, ವಿದ್ಯುತ್ ಕೆಲಸ. ನನಗೆ ಈ ವಿದ್ಯೆ ಹತ್ತಿಸಿದವನೂ ಅವನೇ. ಈಗ ಹಡಗೊಂದರಲ್ಲಿ ಕೆಲಸ ಸಿಕ್ಕಿ ಹೊರಟಿದ್ದ. ಬೆಳಗಿನ ಮಾತುಕತೆ ಮುಗಿಸಿ ಆಂಟೆನಾ ಬಿಚ್ಚುತ್ತಾನೆ, ಸಂಜೆಗೆ ಹಡಗು ಹತ್ತುತ್ತಾನೆ, ಅಲ್ಲಿ ಅವನಿಗೆ ಸೆಟ್ಟು ಇಲ್ಲ ಎಂದು ಹಿಂದಿನ ವಾರ ನಮ್ಮ ರೇಡಿಯೋ ಗುಂಪಿನ ಮೇಷ್ಟ್ರು ಎಲ್ಲರಿಗೂ ಹೇಳಿದ್ದರು. ಅವನು ನನಗೆ ಹೇಳಿರಲಿಲ್ಲ. ನಾವು ಎರಡು ವರ್ಷದಿಂದ ಮಾತು ಬಿಟ್ಟಿದ್ದೆವು.

ಮಾತು ಬಿಟ್ಟ ಕಥೆ ಇಷ್ಟೇ. ಭಾನುವಾರ ಹತ್ತು ಗಂಟೆಗೆ ನಾವೊಂದಿಷ್ಟು ಜನ ರೇಡಿಯೋದಲ್ಲಿ ಸೇರುತ್ತೇವೆ. ನಿವೃತ್ತ ಲೆಕ್ಕದ ಮೇಷ್ಟ್ರೊಬ್ಬರು ಹಾಜರಿ ಕರೆಯುತ್ತಾರೆ. ಸರದಿ ಬಂದವರು ಉಳಿದವರ ಸ್ವರ ಹೇಗೆ ಬರುತ್ತಿದೆ ಎಂದು ರಿಪೋರ್ಟ್ ಕೊಡಬೇಕು. 'ಐದು-ಒಂಬತ್ತು' ಅಂದರೆ ಪೂರ್ತಿ ಅಂಕ. ನಮ್ಮವರು ದಾಕ್ಷಿಣ್ಯದ ಜನ, ಏನೂ ಕೇಳಿಸದಿದ್ದರೂ ಐದು-ಒಂಬತ್ತು ಕೊಟ್ಟು, 'ಇನ್ನೊಂದು ಸಲ ಹೆಸರು ಹೇಳಿ' ಅನ್ನುತ್ತಾರೆ. ನನಗೆ ಅದು ಬರುವುದಿಲ್ಲ. ಗುಬ್ಬಿ ಹೊಸ ಮೈಕು ಕೊಂಡು ಮೆರೆಯುತ್ತಿದ್ದ ಕಾಲ. ಸ್ವರ ಒಡೆದು ಚೂರಾಗಿ ಬರುತ್ತಿತ್ತು. ಎಲ್ಲರೂ ಐದು-ಒಂಬತ್ತು ಕೊಟ್ಟರು. ನಾನು, "ಗುಬ್ಬಿ, ಮೂರು-ಐದು. ಕೊಡದೊಳಗೆ ಕೂತ ಕಪ್ಪೆ ಥರ ಕೇಳಿಸ್ತಿದೀಯ," ಎಂದೆ. ಮುಂದಿನ ವಾರದಿಂದ ಹುಡುಗಾಟದವರು ಅವನ ಸರದಿ ಬಂದಾಗ 'ವಟ ವಟ' ಅನ್ನತೊಡಗಿದರು. ಅದು ನಾನು ಹೇಳಿಸಿದ್ದಲ್ಲ. ಆದರೆ ಅವನು ನನಗೆ ಮಾತ್ರ ರಿಪೋರ್ಟ್ ಕೊಡುವುದನ್ನು ಬಿಟ್ಟುಬಿಟ್ಟ. ನಾನೂ ಅವನಿಗೆ ಕೊಡಲಿಲ್ಲ. ಅವನು ಮನೆಗೆ ಬರುವುದೂ ನಿಂತಿತು.

ನಾನು ಹೇಳಿದ್ದು ಅಂದಿಗೆ ನಿಜ. ಇಂದು ಕೇಳಿದರೂ ಅದನ್ನೇ ಹೇಳುತ್ತೇನೆ. ಆದರೆ ಕೆಲವು ತಿಂಗಳಾದ ಮೇಲೆ ಒಂದು ಭಾನುವಾರ ಅವನ ಸ್ವರ ಚೊಕ್ಕವಾಗಿ ಬಂತು. ಮೈಕಿನ ದೋಷ ಹುಡುಕಿ ಸರಿಮಾಡಿಕೊಂಡಿದ್ದ. ಎದುರಿಗೆ ಕೂತು ಮಾತಾಡಿದ ಹಾಗೆ, ಉಸಿರು ಕೂಡ ಕೇಳುವ ಹಾಗೆ. ನನಗೆ ಅದು ಮೊದಲ ಮಾತಿಗೇ ಗೊತ್ತಾಯಿತು. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಸೊಟ್ಟ ಇದ್ದಾಗ ಸೊಟ್ಟ ಅಂದವಳು ನೆಟ್ಟಗಾದಾಗ ನೆಟ್ಟಗಿದೆ ಅನ್ನಬೇಕು. ಆ ರಿಪೋರ್ಟ್ ಕೊಡದೆ ಅವನನ್ನು ಹಡಗು ಹತ್ತಿಸಬಾರದು ಎಂದು ವಾರವೆಲ್ಲ ಮನಸ್ಸು ಗಟ್ಟಿಮಾಡಿಕೊಂಡಿದ್ದೆ. ಈಗ ಕೇಬಲ್ ಎರಡು ತುಂಡು. ಹಾಜರಿಯಲ್ಲಿ ನಾನು ಇಲ್ಲದಿದ್ದರೆ, ಅಕ್ಕ ಬೇಕೆಂದೇ ಬರಲಿಲ್ಲ ಎಂದೇ ಅವನು ತಿಳಿಯುತ್ತಾನೆ. ಯಾರಾದರೂ ಹಾಗೆಯೇ ತಿಳಿಯುತ್ತಾರೆ.

"ಫೋನ್ ಇದೆಯಲ್ಲೇ," ಎಂದರು ನಮ್ಮವರು.

"ಎಲ್ಲರ ಮುಂದೆ ಅಂದಿದ್ದನ್ನ ಗುಟ್ಟಾಗಿ ಫೋನಲ್ಲಿ ಸರಿ ಮಾಡೋಕಾಗುತ್ತೇನ್ರೀ?"

"ಹಾಗಾದ್ರೆ ಸೆಟ್ಟನ್ನೇ ತಂದು ಏಣಿ ಮೇಲೆ ಇಡು. ಅಲ್ಲೇ ಕೂತ್ಕೊಂಡು ಮಾತಾಡು. ಬಳ್ಳಿ ನೆರಳೂ ಇರುತ್ತೆ."

"ಬಳ್ಳಿ ಎಲ್ಲಿದೆ? ಸವರಿದ್ದೀರಲ್ಲ."

ಅವರು ತಲೆ ಕೆರೆದುಕೊಂಡು ಏಣಿ ತರಲು ಹೋದರು.

ಇಂಥ ಕೇಬಲ್ಲಿಗೆ ಎರಡು ತುದಿಗೂ ಕನೆಕ್ಟರ್ ಹಾಕಿ ಜೋಡಿಸುವುದು ಸರಿಯಾದ ದಾರಿ. ನನ್ನ ಬಳಿ ಇದ್ದದ್ದು ಒಂದೇ ಒಂದು. ಹಾಗಾಗಿ ನೇರವಾಗಿ ಬೆಸೆಯಲೇಬೇಕಿತ್ತು. ಕೇಬಲ್ಲಿನ ನಟ್ಟನಡುವೆ ತಾಮ್ರದ ಎಳೆ ಇರುತ್ತದೆ, ಅದರ ಸುತ್ತ ಬಿಳಿ ಪ್ಲಾಸ್ಟಿಕ್, ಅದರ ಮೇಲೆ ಕೂದಲಷ್ಟು ಸಣ್ಣ ತಂತಿಗಳಿಂದ ಹೆಣೆದ ಜಾಲರಿ, ಎಲ್ಲಕ್ಕೂ ಹೊರಗೆ ಕಪ್ಪು ಹೊದಿಕೆ. ಒಳಗಿನ ಎಳೆಯೂ ಹೊರಗಿನ ಜಾಲರಿಯೂ ಉದ್ದಕ್ಕೂ ಜೊತೆಯಲ್ಲೇ ಹೋಗಬೇಕು, ಎಲ್ಲಿಯೂ ಒಂದನ್ನೊಂದು ಮುಟ್ಟಬಾರದು. 'ಒಂದೇ ಮನೆಯಲ್ಲಿರೋ ಅತ್ತೆ ಸೊಸೆ ಥರ ಅಕ್ಕ, ನಡುವೆ ಗೋಡೆ ಇದ್ರೇನೇ ಸುಖ' ಎಂದು ಗುಬ್ಬಿ ಕಲಿಸಿಕೊಟ್ಟಿದ್ದ. ಆಗ ನಮ್ಮತ್ತೆ ಬದುಕಿದ್ದರು. ಕೇಳಿಸಿಕೊಂಡು ಅವನಿಗೆ ಒಂದು ವಾರ ಚಹಾ ಕೊಟ್ಟಿರಲಿಲ್ಲ.

ಕೇಬಲ್ ತುಂಡಾದದ್ದು ಕಿಟಕಿಯಿಂದ ಸಾಕಷ್ಟು ಮೇಲೆ. ತವರ ಕರಗಿಸಿ ಬೆಸೆಯುವ ಸೋಲ್ಡರಿಂಗ್ ಐರನ್ನಿನ ವೈರನ್ನು ಕಿಟಕಿಯಿಂದ ಹೊರಗೆ ಎಳೆದುಕೊಂಡು ಏಣಿ ಹತ್ತಿದೆ. ಕಪ್ಪು ಹೊದಿಕೆ ಸುಲಿದೆ. ಸೂಜಿಯಿಂದ ಜಾಲರಿಯ ಹೆಣಿಗೆ ಬಿಡಿಸಿ ಹಿಂದಕ್ಕೆ ಬಾಚಿದೆ. ಇದು ನನಗೆ ಸಲೀಸು, ದಿನವಿಡೀ ಹೊಲಿಗೆ ಬಿಚ್ಚುವ ಕೈ. ಬಿಳಿ ಪ್ಲಾಸ್ಟಿಕ್ ಕೊರೆದು ಎಳೆಗಳನ್ನು ಸೇರಿಸಿ ಐರನ್ ಇಟ್ಟೆ. ಕೆಳಗೆ ಏಣಿ ಹಿಡಿದು ನಿಂತವರು, "ನೆನಪಿದೆಯಾ, ನಮ್ಮ ಮದುವೇಲಿ ಗುಬ್ಬಿ ಕರೆಂಟ್ ತೆಗೆದಿದ್ದ," ಎಂದು ಏನೋ ಹಳೆಯ ಕಥೆ ಶುರುಮಾಡಿದರು. ನನಗೆ ಕತ್ತರಿ ನೆನಪಾಯಿತು. ಕತ್ತರಿಯ ಬಾಯಿ ಹೋಗಿರುತ್ತದೆ ಎಂದೂ ನೆನಪಾಯಿತು. ಬೈಯುತ್ತ ಬೈಯುತ್ತ ಐರನ್ ಒತ್ತಿ ಹಿಡಿದೆ. ಸುಟ್ಟ ವಾಸನೆ ಬರುವ ಹೊತ್ತಿಗೆ ಬಿಳಿ ಪ್ಲಾಸ್ಟಿಕ್ ಮೇಣದ ಹಾಗೆ ಮೆತ್ತಗಾಗಿ, ನಡುವಿನ ಎಳೆ ವಾಲಿಕೊಂಡು ಹೋಗಿ ಜಾಲರಿಗೆ ತಾಗಿತ್ತು. ಎರಡು ತಾಗಿದ್ದರೆ ಕೂಗುವ ಮೀಟರ್ ಇಟ್ಟೆ. 'ಕುಂಯ್' ಎಂದಿತು. ಅತ್ತೆ ಸೊಸೆ ಒಂದಾಗಿದ್ದರು. ಇನ್ನು ಅದು ಕೆಲಸಕ್ಕೆ ಬಾರದು.

"ಏನಾಯ್ತು?" ಎಂದರು ಕೆಳಗಿನಿಂದ.

"ಸೀದು ಹೋಯ್ತು."

"ಉರಿ ಜಾಸ್ತಿ ಆದ್ರೆ ಹಾಗೇನೇ. ಬ್ರೆಡ್ಡೂ ಅಷ್ಟೇ."

"ನೀವು ಸುಮ್ನಿರ್ತೀರಾ?"

"ಇರ್ತೀನಿ. ಆದ್ರೆ ಈಗ ಅದನ್ನ ಕತ್ತರಿಸಿದ್ರೆ ಎರಡು ತುದಿ ಒಂದಕ್ಕೊಂದು ಎಟುಕಲ್ಲ, ನೋಡ್ಕೋ."

ಅದು ಸರಿಯಾದ ಮಾತು. ಕೇಬಲ್ ಮೊದಲೇ ಬಿಗಿಯಾಗಿತ್ತು. ಸೀದ ಭಾಗ ಕತ್ತರಿಸಿದೆ, ನಡುವೆ ಗೇಣಷ್ಟು ಜಾಗ ಬಿತ್ತು. ನಾನು ಏಣಿಯ ಮೇಲೆಯೇ ಕೂತೆ. ಕಣ್ಣಲ್ಲಿ ನೀರು ಬಂತು. ಹೊಗೆಯಿಂದ ಎಂದು ಇಟ್ಟುಕೊಳ್ಳಿ.

ಅವರು ಮನೆಯ ಒಳಗಿನ ಮೆಟ್ಟಿಲಿಂದ ಛಾವಣಿಗೆ ಹೋದರು. ಅಂಚಿನಲ್ಲಿ ಬಗ್ಗಿ, ಗೋಡೆಗೆ ಕೇಬಲ್ ಹಿಡಿದಿದ್ದ ಕ್ಲಿಪ್ಪುಗಳನ್ನು ಇಕ್ಕಳದಿಂದ ಒಂದೊಂದಾಗಿ ಕಿತ್ತರು. ಮೇಲೆ ಸುತ್ತಿಟ್ಟಿದ್ದ ಒಂದು ಸುತ್ತು ಬಿಚ್ಚಿ ಕೇಬಲ್ಲನ್ನು ಮೆಲ್ಲಗೆ ಬಿಟ್ಟರು. ಅದು ಸರಸರ ಇಳಿದು ನನ್ನ ಮಡಿಲಿಗೆ ಬಂತು.

"ಸಾಕಾ?"

"ಸಾಕು. ಬಿದ್ದೀರಿ, ಹಿಂದಕ್ಕೆ ಸರೀರಿ."

ಈ ಸಲ ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಕೂತು ಕೆಲಸ ಹಿಡಿದೆ. ಯಾರಿಗೂ ಬೈಯಲಿಲ್ಲ. ಐರನ್ ತಾಗಿಸಿ ತಕ್ಷಣ ತೆಗೆಯುವುದು, ಊದುವುದು, ಮತ್ತೆ ತಾಗಿಸುವುದು. ಬಿಳಿ ಪ್ಲಾಸ್ಟಿಕ್ ಮಿಸುಕದಂತೆ ಒದ್ದೆ ಬಟ್ಟೆ ಸುತ್ತಿ ಹಿಡಿದುಕೊಂಡೆ. ಎಳೆ ಬೆಸೆಯಿತು. ಅದರ ಮೇಲೆ ಟೇಪು ಸುತ್ತಿ, ಎರಡೂ ಕಡೆಯ ಜಾಲರಿಯನ್ನು ಒಂದರ ಮೇಲೊಂದು ಎಳೆದು ಹೊದಿಸಿ, ಅಲ್ಲಿಗೂ ಐರನ್ ತಾಗಿಸಿ ತೆಗೆದೆ. ಮತ್ತೆ ಸೀದೀತು ಎಂಬ ಹೆದರಿಕೆ. ಮೀಟರ್ ಇಟ್ಟೆ, ಸದ್ದಿಲ್ಲ. ಒಳಗಿನದು ಒಳಗೆ, ಹೊರಗಿನದು ಹೊರಗೆ. ಖುಷಿಯಾಯಿತು. ತಲೆ ಎತ್ತಿದರೆ ಕಿಟಕಿಯ ಕಟ್ಟೆಯ ಮೇಲೆ ಜೋಡಣೆಗೆ ಹೊದಿಸಬೇಕಾಗಿದ್ದ ರಬ್ಬರ್ ಕೊಳವೆ ಬಿಸಿಲು ಕಾಯುತ್ತ ಕೂತಿತ್ತು. ಅದನ್ನು ಬೆಸೆಯುವ ಮೊದಲೇ ಕೇಬಲ್ಲಿಗೆ ತೂರಿಸಿಟ್ಟುಕೊಳ್ಳಬೇಕು. ಬೆಸೆದ ಮೇಲೆ ದೇವರು ಬಂದರೂ ತೂರಿಸಲಾಗುವುದಿಲ್ಲ. ಈ ಕೆಲಸ ಮಾಡುವವರೆಲ್ಲ ಒಂದಲ್ಲ ಒಂದು ದಿನ ಮರೆಯುವುದು ಇದನ್ನೇ, ಮರೆತವರನ್ನು ನೋಡಿ ಉಳಿದವರು ನಗುವುದೂ ಇದಕ್ಕೇ.

ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಬಿಗಿಯಾಗಿ ಸುತ್ತಿದೆ. ಹೇಗೂ ಬಾಯಿ ಹೋಗಿದ್ದ ಬಟ್ಟೆ ಕತ್ತರಿಯಿಂದಲೇ ಕತ್ತರಿಸಿದೆ. ಅದರ ಮೇಲೆ ಗುಂಡಿ ಹಚ್ಚುವ ಮೇಣದ ದಾರ ಸುತ್ತಿ ಗಂಟು ಹಾಕಿದೆ. ನೋಡಲು ಹಲ್ಲುನೋವಿಗೆ ಕಟ್ಟು ಕಟ್ಟಿದ ಹಾಗಿತ್ತು. ಕ್ಲಿಪ್ಪು ಹೊಡೆಯಲು ಹೊತ್ತಿರಲಿಲ್ಲ. ಜೋಡಣೆ ಗೋಡೆಯ ಪಕ್ಕ ನೇತಾಡುತ್ತಿರಲಿ ಎಂದು ಒಳಗೆ ಓಡಿದೆ.

ಮೇಷ್ಟ್ರು ಆಗಲೇ ಹಾಜರಿ ಶುರುಮಾಡಿದ್ದರು. ಕೇಳಿಸುತ್ತಿತ್ತು. ನಡುನಡುವೆ ಕರಕರ ಎಂದರೂ ಕೇಳಿಸುತ್ತಿತ್ತು. ನನ್ನ ಸರದಿ ಬಂದಾಗ, "ಹಾಜರ್ ಸಾರ್," ಎಂದೆ.

"ಬಂದ್ರಾ ತಾಯಿ. ತಡ ಆಯ್ತಲ್ಲ, ಬೆಂಚಿನ ಮೇಲೆ ನಿಲ್ಲಿಸಬೇಕಾ?"

"ಕೇಬಲ್ ತುಂಡಾಗಿತ್ತು ಸಾರ್. ಈಗ ಬೆಸೆದೆ."

ಒಬ್ಬೊಬ್ಬರಾಗಿ ಗುಬ್ಬಿಗೆ ಶುಭ ಹೇಳಿದರು. ಸಮುದ್ರದಲ್ಲಿ ವಾಂತಿ ಬಂದರೆ ಏನು ಮಾಡಬೇಕು ಎಂಬುದಕ್ಕೆ ಎಲ್ಲರ ಬಳಿಯೂ ಒಂದೊಂದು ಮದ್ದಿತ್ತು, ಹಡಗು ಹತ್ತಿದವರು ಅವರಲ್ಲಿ ಒಬ್ಬರೂ ಇರಲಿಲ್ಲ. ಗುಬ್ಬಿ ನಗುತ್ತಿದ್ದ. ಸ್ವರ ಚೊಕ್ಕವಾಗಿತ್ತು.

ನಂತರ ನನ್ನ ಸರದಿ. ನಾನು ಬಟನ್ ಒತ್ತಿದೆ. ಬಟನ್ ಒತ್ತಿ ಮಾತಾಡುವಾಗ ನಮ್ಮ ಮಾತು ಹೊರಗೆ ಹೇಗೆ ಹೋಗುತ್ತಿದೆ ಎಂದು ನಮಗೆ ಗೊತ್ತಾಗುವುದಿಲ್ಲ, ಬೇರೆಯವರ ಮಾತೂ ಕೇಳುವುದಿಲ್ಲ. ಹೊರಗೆ ಗಾಳಿ ಎದ್ದಿತ್ತು. ಅದರ ಕಡೆ ನನ್ನ ಗಮನ ಇರಲಿಲ್ಲ. ನಾನು ವಾರದಿಂದ ಬಾಯಿಪಾಠ ಮಾಡಿದ್ದನ್ನು ಹೇಳಿದೆ: "ಗುಬ್ಬಿ, ನಿನ್ನ ರಿಪೋರ್ಟ್ ತಗೋ. ನಿನ್ನ ಸ್ವರ ಈಗ ಕೊಡದೊಳಗೆ ಕೂತ ಕಪ್ಪೆ ಥರ ಇಲ್ಲ. ಚೊಕ್ಕ ಇದೆ. ಎಷ್ಟೋ ದಿನದಿಂದ ಚೊಕ್ಕ ಇದೆ. ಐದು-ಒಂಬತ್ತು. ಓವರ್."

ಬಟನ್ ಬಿಟ್ಟೆ.

ಬರಿಯ ಕರಕರ.

ಕೊನೆಗೆ ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ಹೊರಡೋ ದಿನ ಮತ್ತೆ ಆ ಕಪ್ಪೆ ವಿಷಯ ಯಾಕಮ್ಮ ಬೇಕಿತ್ತು," ಎಂದರು.

ಗುಬ್ಬಿಯ ಸ್ವರ ಬಂತು. "ಇರ್ಲಿ ಬಿಡಿ ಮೇಷ್ಟ್ರೇ. ಅಕ್ಕ ಇವತ್ತಾದ್ರೂ..." ಅಷ್ಟೇ. ಮಾತು ಮುಗಿಸಲಿಲ್ಲ. "ನಾನಿನ್ನು ಆಂಟೆನಾ ಬಿಚ್ಚಬೇಕು. ಎಲ್ಲರಿಗೂ ನಮಸ್ಕಾರ."

ನನಗೆ ತಲೆ ಬುಡ ಅರ್ಥವಾಗಲಿಲ್ಲ. ಚೊಕ್ಕ ಇದೆ ಎಂದರೆ ಇವರಿಗೇಕೆ ಇರಿಸುಮುರಿಸು? ಅಷ್ಟರಲ್ಲಿ ಕಿಟಕಿಯ ಹೊರಗೆ ಗಾಳಿಗೆ ಕೇಬಲ್ ಗೋಡೆಗೆ ಬಡಿಯಿತು. ಬಡಿದ ಹೊತ್ತಿಗೇ ಸೆಟ್ಟು ಕರಕರ ಎಂದಿತು. ಮತ್ತೆ ಬಡಿಯಿತು, ಮತ್ತೆ ಕರಕರ. ಆಗ ತಿಳಿಯಿತು. ಜಾಲರಿಯ ಬೆಸುಗೆ ಹಸಿ. ಸೀದೀತೆಂದು ಹೆದರಿ ಕಾವು ಸಾಲದೆ ಹೋಗಿತ್ತು, ತವರ ಮೇಲೆ ಹರಡಿತ್ತು ಅಷ್ಟೇ, ಒಳಗೆ ಹಿಡಿದಿರಲಿಲ್ಲ. ಗಾಳಿ ಬೀಸಿದಾಗ ಜಾಲರಿ ಬಿಡುತ್ತಿತ್ತು, ನನ್ನ ಮಾತು ಅಲ್ಲಿಗೇ ಕಡಿಯುತ್ತಿತ್ತು. 'ಕಪ್ಪೆ ಥರ' ಎನ್ನುವ ತನಕ ಹೋಗಿದೆ. 'ಇಲ್ಲ'ವೂ ಅದರ ಮುಂದಿನದೆಲ್ಲವೂ ಗಾಳಿಯ ಪಾಲಾಗಿದೆ. ನಮ್ಮ ಭಾಷೆಯಲ್ಲಿ 'ಇಲ್ಲ' ಬರುವುದು ಕೊನೆಗೆ. ಅದನ್ನು ಮೊದಲು ಇಟ್ಟವರ ಭಾಷೆಯಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ರೀ," ಎಂದು ಕೂಗಿದೆ. "ಆ ಜೋಡಣೆ ಒತ್ತಿ ಹಿಡ್ಕೊಳ್ರೀ. ಗಟ್ಟಿಯಾಗಿ."

"ಯಾವುದು, ಈ ಹಲ್ಲುನೋವಿನ ಕಟ್ಟಾ?"

"ಅದೇ. ರಬ್ಬರಿನ ಮೇಲೆ ಹಿಡೀರಿ. ಕೈ ಅಲ್ಲಾಡಿಸಬೇಡಿ."

ಅವರು ಅದನ್ನು ಹಿಟ್ಟು ನಾದುವ ಎರಡೂ ಕೈಯಲ್ಲಿ ಅಮುಕಿ ಹಿಡಿದರು. ಕರಕರ ನಿಂತುಹೋಯಿತು. ಸೆಟ್ಟು ಎಷ್ಟು ಶಾಂತವಾಯಿತೆಂದರೆ, ಅದರ ಹಿಂದೆ ಯಾರೂ ಇಲ್ಲವೇನೋ ಅನ್ನಿಸಿತು.

"ಮೇಷ್ಟ್ರೇ, ಗುಬ್ಬಿ ಇದಾನಾ?"

"ಗೊತ್ತಿಲ್ಲಮ್ಮ. ಸೆಟ್ ಆರಿಸಿರಬೇಕು."

"ಇರಲಿ. ಇಲ್ಲದಿದ್ರೂ ಹೇಳ್ತೀನಿ, ನೀವೆಲ್ಲ ಸಾಕ್ಷಿ. ಅವತ್ತು ಮೂರು-ಐದು ಅಂದಿದ್ದೆ. ಅವತ್ತಿಗೆ ಅದು ನಿಜ. ನನ್ನ ಮಾತು ಅರ್ಧಕ್ಕೆ ಕಡಿದುಹೋಗಿದೆ, ಪೂರ್ತಿ ಮಾಡ್ತಿದೀನಿ. ಇಲ್ಲ. ಇಲ್ಲ ಅಂದೆ. ಕೇಳಿಸ್ತಾ? ಕಪ್ಪೆ ಥರ ಇಲ್ಲ. ನಮ್ಮ ಗುಂಪಲ್ಲಿ ಅವನಷ್ಟು ಚೊಕ್ಕ ಸ್ವರ ಯಾರದೂ ಇಲ್ಲ, ನಿಮ್ಮದೂ ಸೇರಿ. ನನಗೆ ಅದು ಮೊದಲ ದಿನವೇ ಗೊತ್ತಾಗಿತ್ತು. ನಿಜವಾದ ಐದು-ಒಂಬತ್ತು. ಓವರ್."

ಬಟನ್ ಬಿಟ್ಟು ಕಾದೆ. ಕಿಟಕಿಯಲ್ಲಿ ನಮ್ಮವರ ಎರಡು ಕೈ ಮಾತ್ರ ಕಾಣುತ್ತಿತ್ತು, ಮೊಣಕೈವರೆಗೆ ಹಿಟ್ಟಿನ ಗುರುತು.

ಯಾರೋ ಬಟನ್ ಒತ್ತಿದ ಸದ್ದು ಬಂತು. ಮಾತು ಇಲ್ಲ. ಉಸಿರು ಮಾತ್ರ. ಉಸಿರು ಕೇಳುವಷ್ಟು ಚೊಕ್ಕವಾದ ಸೆಟ್ಟು ನಮ್ಮ ಗುಂಪಿನಲ್ಲಿ ಒಂದೇ ಇದೆ.

"ಅಕ್ಕ," ಎಂದ ಗುಬ್ಬಿ. "ನಿನ್ನ ರಿಪೋರ್ಟ್ ತಗೋ."

"ಕೊಡು."

"ಮೊದಲನೇ ಸಲ ಎರಡು-ಮೂರು. ದಾರಿಯಲ್ಲಿ ಹೋಗೋ ಬಸ್ಸಿಂದ ಕಿರುಚಿದ ಹಾಗಿತ್ತು. ಈಗ ಐದು-ಏಳು. ಜಾಲರಿ ಬೆಸುಗೆ ಹಸಿ ಇದೆ."

ರೇಡಿಯೋದಲ್ಲಿ ಅವನು ಜೀವಮಾನದಲ್ಲಿ ಯಾರಿಗೂ ಐದು-ಒಂಬತ್ತಕ್ಕಿಂತ ಕಡಿಮೆ ಕೊಟ್ಟವನಲ್ಲ. ನನಗೆ ಕೊಟ್ಟ. ಮೇಷ್ಟ್ರು ಕೆಮ್ಮಿದರು, ಇನ್ನೇನು ಸಿಡಿಯುತ್ತಾಳೆ ಎಂದುಕೊಂಡಿರಬೇಕು. ನನಗೆ ಸಿಟ್ಟು ಬರಲಿಲ್ಲ.

"ಗೊತ್ತು ಕಣೋ ಹಸಿ ಅಂತ," ಎಂದೆ. "ಮೊದಲನೇದು ಸೀದುಹೋಯ್ತು."

"ಕೊಳವೆ ತೂರಿಸಿದೆಯಾ?"

ನಾನು ಕಿಟಕಿಯ ಕಟ್ಟೆಯ ಮೇಲಿದ್ದ ಕೊಳವೆಯನ್ನು ನೋಡಿದೆ.

"ಮರೆತಿದೀಯ," ಎಂದ. ಮೇಷ್ಟ್ರು ನಕ್ಕರು, ಉಳಿದವರೂ ಒಬ್ಬರ ಮೇಲೊಬ್ಬರು ಬಟನ್ ಒತ್ತಿ ನಕ್ಕರು. "ಹಸಿ ಬೆಸುಗೆ ಮತ್ತೆ ಹೇಗೆ ಸರಿಹೋಯ್ತು ಈಗ?"

"ನಿಮ್ಮ ಭಾವ ಹಿಡ್ಕೊಂಡು ನಿಂತಿದಾರೆ."

"ಕೈಯಲ್ಲಾ?"

"ಮತ್ತಿನ್ನೇನು, ಕಾಲಲ್ಲಾ?"

ಅವನು ಸ್ವಲ್ಪ ಹೊತ್ತು ನಗುತ್ತಿದ್ದ. ಆಮೇಲೆ ಹೇಳಿದ: "ಹಡಗುಕಟ್ಟೆಗೆ ಹೋಗೋ ಬಸ್ಸು ನಿಮ್ಮೂರ ಮೇಲೇ ಹೋಗುತ್ತೆ. ಇಳಿದು ನಾನೇ ಬೆಸೆದು ಹೋಗ್ತೀನಿ. ಐರನ್ ಕಾಯಿಸಿಟ್ಟಿರು. ನೀನು ಮುಟ್ಟಬೇಡ ಮಾತ್ರ."

"ಊಟಕ್ಕೆ ಬರ್ತೀಯಾ ಹಾಗಾದ್ರೆ?"

"ಬೆಸುಗೆಗೆ ಬರ್ತೀನಿ. ಊಟ ಹಾಕಿದ್ರೆ ಬೇಡ ಅನ್ನಲ್ಲ."

ನಾನು ಎದ್ದು ಐರನ್ನಿನ ಸ್ವಿಚ್ಚು ನೋಡಿದೆ. ಆಗಿನಿಂದಲೂ ಆರಿಸಿರಲಿಲ್ಲ. ಒಲೆ ಹಚ್ಚಬೇಕು, ಅಕ್ಕಿ ತೊಳೆಯಬೇಕು ಎಂದು ತಲೆ ಓಡತೊಡಗಿತು.

"ಕೈ ಬಿಡಲೇನೇ?" ಎಂದು ಕಿಟಕಿಯಿಂದ ಕೇಳಿತು.

"ಬಿಡಬೇಡ್ರೀ," ಎಂದೆ. "ಇನ್ನೂ ಮೇಷ್ಟ್ರಿಗೆ ನಮಸ್ಕಾರ ಹೇಳಿಲ್ಲ."